ಗುಡ್ಡ ಹತ್ತಿದ ಜಪಾನಿ ಗಾಡಿ

ಐಟಿಐ ಮುಗಿಸಿ ಗ್ಯಾರೇಜಿಗೆ ಸೇರುವ ಮಕ್ಕಳು ಈಗಲೂ ಒಮ್ಮೊಮ್ಮೆ ಮನೆಗೆ ಬರುತ್ತಾರೆ. ಈಚೆಗೆ ಒಬ್ಬಿಬ್ಬರು ಹೆಣ್ಣುಮಕ್ಕಳೂ ಬರುತ್ತಿದ್ದಾರೆ, ಕಂಡರೆ ಖುಷಿಯಾಗುತ್ತದೆ. ಎಲ್ಲರೂ ಕೇಳುವುದು ಒಂದೇ: ‘ಗಣಪತಣ್ಣ, ನೀವು ಕೆಲಸ ಮಾಡಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಗಾಡಿ ಯಾವುದು?’ ಒಳ್ಳೆಯದು ಯಾವುದೋ ನನಗೆ ಗೊತ್ತಿಲ್ಲ. ಆದರೆ ಬಾನೆಟ್ ಎತ್ತಿ, ಪಾನಾ ಕೆಳಗಿಟ್ಟು, ಏನೂ ತೋಚದೆ ನಾನು ಸುಮ್ಮನೆ ನಿಂತುಬಿಟ್ಟದ್ದು ಒಂದೇ ಒಂದು ಗಾಡಿಯ ಮುಂದೆ. ಅದರ ಬಗ್ಗೆ ಬರೆದರೆ ನಮ್ಮ ಕೆಲಸ ಎಂಥದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಗಂಗೊಳ್ಳಿಯ ಮೀನುಗಾರರ ಮನೆಯವನು. ಮೊದಲು ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದೆ. ಉಪ್ಪು ನೀರಿನಲ್ಲಿ ಕೈ ಬಿರಿದು ಸಾಕಾಗಿ ಹೆಮ್ಮಾಡಿಯ ಲಾರೆನ್ಸ್ ಮೇಸ್ತ್ರಿಗಳ ಗ್ಯಾರೇಜಿಗೆ ಸೇರಿದೆ. ಮೇಸ್ತ್ರಿಗಳು ಬೊಂಬಾಯಿಯ ಟ್ಯಾಕ್ಸಿ ಗ್ಯಾರೇಜುಗಳಲ್ಲಿ ಪಳಗಿ ಊರಿಗೆ ಬಂದವರು. ಅವರದೊಂದು ಕಟ್ಟಳೆ ಇತ್ತು. ಯಾವ ಗಾಡಿಯೇ ಬರಲಿ, ಮೊದಲು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಐದು ನಿಮಿಷ ಅದರ ಶಬ್ದ ಕೇಳಬೇಕು. ಕೈ ಮುಂದೆ ಬಂದರೆ ಬೈಗುಳ. ‘ಕೈಗ್ ಬುದ್ಧಿ ಇಲ್ಲೆ ಮಾರಾಯ, ಕೆಮಿಗ್ ಇತ್ತ್’ ಎಂದು ತಮ್ಮ ಕಿವಿ ಮುಟ್ಟಿ ತೋರಿಸುತ್ತಿದ್ದರು. ನನಗೆ ಆ ಐದು ನಿಮಿಷದ ತಾಳ್ಮೆ ಇರಲಿಲ್ಲ. ಮುಂದೆ ಹೇಳುವ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

೧೯೯೭ರಲ್ಲಿ, ಮಳೆಗಾಲ ಮುಗಿದ ಮೇಲೆ, ಬೈಂದೂರಿನ ಸಂಜೀವ ದೇವಾಡಿಗರು ಆ ಗಾಡಿಯನ್ನು ನಮ್ಮಲ್ಲಿಗೆ ತಂದರು. ಅವರು ಕುಂದಾಪುರದ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಕಲಿತು, ಟಾಂಜಾನಿಯಾದ ಗೇರು ಕಾರ್ಖಾನೆಯಲ್ಲಿ ಬಹಳ ವರ್ಷ ಸೂಪರ್‌ವೈಸರ್ ಆಗಿದ್ದವರು. ಊರಿಗೆ ಮರಳುವಾಗ ಚಿನ್ನ ತರಲಿಲ್ಲ, ಟಿವಿ ತರಲಿಲ್ಲ, ತಾವು ಅಲ್ಲಿ ಓಡಿಸುತ್ತಿದ್ದ ಹಳೆಯ ಜಪಾನಿ ಕಾರನ್ನು ಹಡಗಿನಲ್ಲಿ ಹಾಕಿಸಿಕೊಂಡು ತಂದರು. ಹಿಂದೆ ಸಾಮಾನು ತುಂಬಲು ಉದ್ದ ಬೆನ್ನಿರುವ, ಮನೆಮಂದಿಗೆಂದೇ ಮಾಡಿದ ಗಾಡಿ. ನೋಡಲು ಏನೂ ವಿಶೇಷವಿಲ್ಲ, ತಿಳಿ ನೀಲಿ ಬಣ್ಣ, ಚೌಕ ಮುಖ.

ಬಾನೆಟ್ ಎತ್ತಿದೆ. ಇಂಜಿನ್ನಿನ ಮೇಲೆ ಸ್ಟೆಪ್ನಿ ಮಲಗಿತ್ತು! ಸ್ಟೆಪ್ನಿಯನ್ನು ಡಿಕ್ಕಿಯಲ್ಲಿ, ಗಾಡಿಯ ಅಡಿಯಲ್ಲಿ, ಬೆನ್ನ ಮೇಲೆ ಕಂಡಿದ್ದೆ. ಇಂಜಿನ್ನಿನ ತಲೆಯ ಮೇಲೆ ಕಂಡಿರಲಿಲ್ಲ. ಅದನ್ನು ಎತ್ತಿ ಬದಿಗಿಟ್ಟರೆ ಕೆಳಗೆ ಇಂಜಿನ್ ನಿಂತೇ ಇಲ್ಲ, ಅಂಗಾತ ಬಿದ್ದುಕೊಂಡಿದೆ. ಎಡಕ್ಕೆ ಎರಡು ಸಿಲಿಂಡರ್, ಬಲಕ್ಕೆ ಎರಡು, ಎದುರು ಬದುರು. ಎಡಬಲದ ಪಿಸ್ಟನ್‌ಗಳು ಒಟ್ಟಿಗೆ ದೂರ ಹೋಗಿ ಒಟ್ಟಿಗೆ ಹತ್ತಿರ ಬರುವುದರಿಂದ ಒಂದರ ನಡುಕವನ್ನು ಇನ್ನೊಂದು ನುಂಗಿಬಿಡುತ್ತದೆ. ಇಂಜಿನ್ ಅಷ್ಟು ತಗ್ಗಿನಲ್ಲಿ ಮಲಗಿದ್ದರಿಂದಲೇ ಅದರ ಮೇಲೆ ಸ್ಟೆಪ್ನಿಗೆ ಜಾಗ ಸಿಕ್ಕಿತ್ತು. ಸ್ಟಾರ್ಟ್ ಮಾಡಿದರೆ ನಮ್ಮ ಗಾಡಿಗಳ ಹಾಗೆ ಗಡಗಡ ಇಲ್ಲ, ಗುಬುಗುಬು ಎಂದು ಬೇರೆಯೇ ಒಂದು ಧ್ವನಿ. ಮೇಸ್ತ್ರಿಗಳು ಕೈಕಟ್ಟಿ ನಿಂತು ಐದಲ್ಲ, ಹದಿನೈದು ನಿಮಿಷ ಕೇಳಿದರು. ಆಮೇಲೆ, ‘ಇದನ್ನ್ ಮಾಡ್ದವ ಯಾರೋ ಪುಣ್ಯಾತ್ಮ’ ಎಂದು ಒಳಗೆ ಹೋದರು.

ಅದರ ಚರಿತ್ರೆ ಹೇಳಿದ್ದು ಸಂಜೀವಣ್ಣ. ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಜಪಾನಿನ ಇಂಜಿನಿಯರ್ ಒಬ್ಬರು ಅವರಿಗೆ ಹೇಳಿದ್ದಂತೆ. ಜಪಾನಿನಲ್ಲಿ ಹಿಮ ಬೀಳುವ ಬೆಟ್ಟದ ಊರುಗಳಿವೆ. ಅಲ್ಲಿ ಕರೆಂಟಿನ ಲೈನು ನೋಡಲು ಹೋಗುವವರಿಗೆ ಚಳಿಗಾಲದಲ್ಲಿ ಜೀಪೇ ಗತಿ. ಆ ಜೀಪಿನಲ್ಲಿ ಚಳಿ, ಕುಲುಕಾಟ. ಮನೆಮಂದಿ ಕೂರುವಂಥ ಕಾರೇ ಹಿಮದಲ್ಲಿ ಹೋಗುವಂತಾದರೆ ಆಗದೇ ಎಂದು ವಿದ್ಯುತ್ ಕಂಪನಿಯವರು ಕೇಳಿದರು. ಮುಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುತ್ತಿದ್ದ ಒಂದು ಕಾರಿಗೆ ಗಾಡಿ ಮಾರುವ ಅಂಗಡಿಯವರೇ ತಮ್ಮ ಗ್ಯಾರೇಜಿನಲ್ಲಿ ಬೇರೆ ಕಾರಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಗಾಲಿಗಳ ಪೆಟ್ಟಿಗೆ, ತಂದು ಜೋಡಿಸಿ, ನಾಲ್ಕೂ ಚಕ್ರ ಎಳೆಯುವ ಹಾಗೆ ಮಾಡಿ ತೋರಿಸಿದರು. ಅದನ್ನು ಕಂಡ ಮೇಲೆ ಕಾರು ಕಂಪನಿ ಎಪ್ಪತ್ತರ ದಶಕದಲ್ಲಿ ಅಂಥ ಕಾರುಗಳನ್ನೇ ತಯಾರಿಸಿತು. ನನಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. ಶುರುಮಾಡಿದ್ದು ದೊಡ್ಡ ಕಾರ್ಖಾನೆಯಲ್ಲ, ನಮ್ಮಂಥ ಗ್ಯಾರೇಜಿನ ಕೈಗಳು.

ಸಂಜೀವಣ್ಣ ಇದನ್ನೇ ತಂದದ್ದಕ್ಕೆ ಕಾರಣವಿತ್ತು. ಅವರ ಮನೆ ಬೈಂದೂರಿನಿಂದ ಒಳಗೆ ಗುಡ್ಡದ ಮೇಲೆ. ಮುರಕಲ್ಲಿನ ಕೆಂಪು ಏರು ದಾರಿ, ಮಳೆಗಾಲದಲ್ಲಿ ಜಾರುಗುಪ್ಪೆ. ಜೂನ್ ಬಂದರೆ ಆಟೋದವರು ಕೆಳಗೇ ನಿಲ್ಲುತ್ತಿದ್ದರು. ಮಗಳು ವಾರಿಜನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲಿನಲ್ಲಿ ಶಕ್ತಿಯಿರಲಿಲ್ಲ. ಕಬ್ಬಿಣದ ಪಟ್ಟಿ ಕಟ್ಟಿಕೊಂಡು, ಊರುಗೋಲು ಹಿಡಿದು ನಡೆಯುತ್ತಿದ್ದಳು. ಅಪ್ಪ ಆಫ್ರಿಕಾದಲ್ಲಿದ್ದಷ್ಟು ಕಾಲ ಮಳೆಗಾಲದಲ್ಲಿ ಅವಳನ್ನು ಸೋದರಮಾವ ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿ ಶಾಲೆಗೆ ಬಿಡುತ್ತಿದ್ದರಂತೆ. ಕುಂದಾಪುರದ ಕಾಲೇಜಿಗೆ ಸೇರಿದ ಮೇಲೆ ಅವಳೇ ಅಪ್ಪನಿಗೆ ಕಾಗದ ಬರೆದು, ‘ಇನ್ನ್ ಬೆನ್ನ್ ಹತ್ತುದಿಲ್ಲೆ’ ಎಂದುಬಿಟ್ಟಳು. ಆ ಕಾಗದ ತಲುಪಿದ ಮೇಲೆ ಸಂಜೀವಣ್ಣ ಗಾಡಿ ಸಮೇತ ಹೊರಟು ಬಂದರು.

ಈಗ ನನ್ನ ತಪ್ಪುಗಳು.

ಮೊದಲನೆಯದು. ಗಾಡಿಯ ಮುಂದಿನ ಎರಡು ಸೀಟಿನ ನಡುವೆ, ಗೇರಿನ ಜೊತೆ, ಇನ್ನೊಂದು ಚಿಕ್ಕ ಲಿವರ್ ಇತ್ತು. ಒಂದು ಕಡೆ ಹಾಕಿದರೆ ಮುಂದಿನ ಚಕ್ರ ಮಾತ್ರ ಎಳೆಯುತ್ತದೆ, ಇನ್ನೊಂದು ಕಡೆ ಹಾಕಿದರೆ ನಾಲ್ಕೂ ಎಳೆಯುತ್ತವೆ, ಅದಕ್ಕೂ ಆಚೆ ಹಾಕಿದರೆ ನಾಲ್ಕೂ ನಿಧಾನವಾಗಿ, ಬಹಳ ಬಲದಿಂದ ಎಳೆಯುತ್ತವೆ. ಆಯಿಲ್ ಬದಲಿಸಿ ಟ್ರಯಲ್ ನೋಡಲು ಹೈವೇಗೆ ತೆಗೆದುಕೊಂಡು ಹೋದವನು ನಾಲ್ಕು ಚಕ್ರಕ್ಕೆ ಹಾಕಿಯೇ ಓಡಿಸಿದೆ. ನೇರ ದಾರಿಯಲ್ಲಿ ಏನೂ ಇಲ್ಲ. ತಿರುಗಿಸಲು ಹೋದರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ಕಟಕಟ ಎಂದು ಸೆಣಸಿತು. ಡಿಫರೆನ್ಷಿಯಲ್ ಹೋಗಿದೆ ಎಂದು ತೀರ್ಮಾನಿಸಿ, ಮೇಸ್ತ್ರಿಗಳು ಊರಲ್ಲಿಲ್ಲದ ಎರಡು ದಿನದಲ್ಲಿ ಹಿಂದಿನದನ್ನು ಪೂರ್ತಿ ಕಳಚಿ ಹಾಕಿದೆ. ಹಲ್ಲುಗಳೆಲ್ಲ ಕನ್ನಡಿಯಂತಿದ್ದವು.

ಮೇಸ್ತ್ರಿಗಳು ಬಂದು ನೆಲದ ಮೇಲೆ ಹರಡಿದ್ದನ್ನು ನೋಡಿ ಕೇಳಿದ್ದು ಒಂದೇ, ‘ತಿರ್ಗ್ಸುವತ್ತಿಗ್ ಲಿವರ್ ಎಲ್ಲಿದ್ದಿತ್ತ್?’

ಹೇಳಿದೆ.

‘ದಾರಿ ಒಣಗಿತ್ತಾ, ಚಂಡಿಯಾ?’

‘ಒಣ್ಗಿತ್ತ್.’

‘ಹಾಂಗಾರ್ ಗಾಡಿಗ್ ಎಂತ ಆಯ್ಲಿಲ್ಲೆ. ನಿಂಗೇ ಎಂತದೋ ಆಯ್ತ್.’

ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೋಗುತ್ತವೆ, ಹಿಂದಿನವು ಚಿಕ್ಕ ಸುತ್ತು. ಆ ಗಾಡಿಯಲ್ಲಿ ನಾಲ್ಕು ಚಕ್ರಕ್ಕೆ ಹಾಕಿದರೆ ಹಿಂದುಮುಂದಿನವನ್ನು ಒಂದೇ ಸಮ ತಿರುಗುವಂತೆ ಕಟ್ಟಿಹಾಕಿದ ಹಾಗೆ. ಕೆಸರಿನಲ್ಲಾದರೆ ಚಕ್ರ ಅಷ್ಟಿಷ್ಟು ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ. ಆ ಸೆಣಸಾಟ ರೋಗವಲ್ಲ, ‘ಈ ದಾರಿಗೆ ನಾಲ್ಕರ ಎಳೆತ ಬೇಡ’ ಎಂದು ಗಾಡಿ ಹೇಳುತ್ತಿದ್ದ ಮಾತು. ಕೇಳಿಸಿಕೊಳ್ಳಲು ನನಗೆ ಬರಲಿಲ್ಲ.

ಎರಡನೆಯದು ಅದೇ ಸುಮಾರಿಗೆ. ಬ್ರೇಕು ಹಿಡಿದುಕೊಳ್ಳುತ್ತಿದೆ ಎಂದು ಗಾಡಿ ಬಂತು. ಬ್ರೇಕಿನ ಪೈಪಿನ ನಡುವೆ ಮುಷ್ಟಿಯಷ್ಟು ದೊಡ್ಡ ಒಂದು ಡಬ್ಬಿ, ಅದಕ್ಕೆ ಕ್ಲಚ್ಚಿನಿಂದ ಬಂದ ಒಂದು ಕೇಬಲ್. ಬ್ರೇಕಿಗೂ ಕ್ಲಚ್ಚಿಗೂ ಏನು ಸಂಬಂಧ? ಯಾವ ಗಾಡಿಯಲ್ಲೂ ಕಂಡಿರಲಿಲ್ಲ. ಕಾಣದ್ದು ಬೇಡದ್ದು ಎಂದುಕೊಂಡು ಡಬ್ಬಿಯನ್ನೇ ತೆಗೆದು ಪೈಪನ್ನು ನೇರ ಕೂಡಿಸಿದೆ. ಬ್ರೇಕು ಸರಿಯಾಯಿತು. ಸಂಜೀವಣ್ಣನಿಗೂ ಹೇಳಲಿಲ್ಲ, ಮೇಸ್ತ್ರಿಗಳಿಗೂ ಹೇಳಲಿಲ್ಲ. ಗಾಡಿ ಏರಿನಲ್ಲಿ ಮೊದಲಿನ ಹಾಗೆ ನಿಲ್ಲುವುದಿಲ್ಲ ಎಂದು ಸಂಜೀವಣ್ಣ ಒಮ್ಮೆ ಅಂದಾಗ, ‘ಹಳೇ ಗಾಡಿ ಅಲ್ದಾ’ ಎಂದುಬಿಟ್ಟೆ. ಡಬ್ಬಿಯನ್ನು ಎಸೆಯದೆ ಹಳೆ ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿದ್ದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಒಂದು ಬೆಳಿಗ್ಗೆ ಕಾಲೇಜಿಗೆ ಹೋಗುವ ದಾರಿಯಲ್ಲಿ ಮುಂದಿನಿಂದ ಶಬ್ದ ಬರುತ್ತಿದೆ ಎಂದು ಸಂಜೀವಣ್ಣ ಗ್ಯಾರೇಜಿಗೆ ತಿರುಗಿಸಿದರು. ಅವರು ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದರು. ಪಟ್ಟಿ ಕಟ್ಟಿದ ಕಾಲು ಇಳಿಸಿ ಹತ್ತಿಸುವುದು ಕಷ್ಟವೆಂದು ವಾರಿಜ ಮುಂದಿನ ಸೀಟಿನಲ್ಲೇ ಕುಳಿತಿದ್ದಳು. ನಮ್ಮ ಅಂಗಳ ಹೈವೇ ಕಡೆಗೆ ಸ್ವಲ್ಪ ಇಳಿಜಾರು. ಹ್ಯಾಂಡ್ ಬ್ರೇಕ್ ಎಳೆದೇ ಇತ್ತು. ಹ್ಯಾಂಡ್ ಬ್ರೇಕ್ ಎಂದರೆ ಹಿಂದಿನ ಚಕ್ರ ಹಿಡಿಯುವುದು ಎಂಬ ಧೈರ್ಯದ ಮೇಲೆ, ಚಕ್ರಕ್ಕೆ ಕಲ್ಲು ಕೊಡದೆ, ಗಾಲಿಯಿರುವ ದೊಡ್ಡ ಜಾಕ್ ಹಾಕಿ ಮುಂದಿನ ಎರಡೂ ಚಕ್ರ ಮೇಲೆತ್ತಿದೆ.

ಆ ಗಾಡಿಯ ಹ್ಯಾಂಡ್ ಬ್ರೇಕ್ ಹಿಡಿಯುವುದು ಮುಂದಿನ ಚಕ್ರಗಳನ್ನು!

ಗಾಡಿ ಜಾಕಿನ ಸಮೇತ ಹಿಂದಕ್ಕೆ ಹೊರಟಿತು. ನಾನು ಬಂಪರ್ ಹಿಡಿದು ಜೋತುಬಿದ್ದೆ, ನನ್ನನ್ನೂ ಎಳೆದುಕೊಂಡು ಹೋಯಿತು. ಹೈವೇಯಲ್ಲಿ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು. ಗಾಜಿನ ಹಿಂದೆ ವಾರಿಜನ ಮುಖ ಬಿಳಿಚಿತ್ತು, ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿತ್ತು. ಅಂಗಳದ ಅಂಚಿನ ಕಲ್ಲಿಗೆ ಜಾಕ್ ತಾಗಿ ಮಗುಚಿತು. ಮುಂದಿನ ಚಕ್ರಗಳು ದಡ್ಡೆಂದು ನೆಲಕ್ಕೆ ಬಿದ್ದವು. ಬಿದ್ದ ಕ್ಷಣವೇ ಹ್ಯಾಂಡ್ ಬ್ರೇಕ್ ಹಿಡಿದು ಗಾಡಿ ನಿಂತಿತು. ಅದರ ಹಿಂಭಾಗದಿಂದ ಒಂದು ಮಾರು ದೂರದಲ್ಲಿ ಬಸ್ಸು ದಾಟಿ ಹೋಯಿತು.

ಸಂಜೀವಣ್ಣ ಓಡಿ ಬಂದು ಮಗಳನ್ನು ತಬ್ಬಿಕೊಂಡರು. ಮೇಸ್ತ್ರಿಗಳು ನನ್ನ ಮುಖ ನೋಡದೆ, ಚಕ್ರಗಳಿಗೆ ತಾವೇ ಕಲ್ಲು ಕೊಟ್ಟರು. ಆ ದಿನ ನಾನು ಕೆಲಸ ಬಿಡುತ್ತೇನೆಂದು ಬಟ್ಟೆ ಬದಲಿಸುತ್ತಿದ್ದೆ. ವಾರಿಜ ಗಾಡಿಯ ಕಿಟಕಿಯಿಂದ ಕರೆದಳು.

‘ಹ್ವಾಯ್ ಗಣ್ಪತಣ್ಣ, ಹೆದ್ರಬೇಡಿ, ನಂಗೆಂತ ಆಯ್ಲಿಲ್ಲೆ. ಆದ್ರೆ ಗಾಡಿ ಹೋಪತ್ತಿಗೆ ಯಾವ್ದನ್ ಒತ್ತುದ್, ಯಾವ್ದನ್ ಎಳುದ್ ಅಂದೇಳಿ ನಂಗೊತ್ತಿಲ್ಲೆ. ಸುಮ್ನೆ ಕೂಕಂಡಿದ್ದೆ. ಹಾಂಗ್ ಕೂಕಂಬುಕ್ ನಂಗ್ ಮನ್ಸಿಲ್ಲೆ. ನಂಗ್ ಹೇಳಿಕೊಡಿ.’

ಅಂದಿನಿಂದ ಗಾಡಿ ಬಂದಾಗಲೆಲ್ಲ ಅವಳು ಒಂದೊಂದನ್ನೇ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ನಾಲ್ಕೈದು ವರ್ಷದಲ್ಲಿ ಆ ಗಾಡಿಯ ವಿಚಾರ ಕುಂದಾಪುರದ ಅರ್ಧ ಮೆಕ್ಯಾನಿಕ್‌ಗಳಿಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು. ಅವಳು ಓದು ಮುಗಿಸಿ ಬಿ.ಎಡ್. ಮಾಡಿ ಬೈಂದೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆದಳು. ಅದೇ ಸಮಯಕ್ಕೆ ಸಕ್ಕರೆ ಕಾಯಿಲೆಯಿಂದ ಸಂಜೀವಣ್ಣನ ಕಣ್ಣು ಮಂಜಾಯಿತು. ಡಾಕ್ಟರು ಇನ್ನು ಗಾಡಿ ಓಡಿಸಕೂಡದು ಎಂದರು. ಬೇಸಿಗೆಯಲ್ಲಿ ಆಟೋ ಇತ್ತು. ಜೂನ್ ಬಂದರೆ ಕೆಲಸ ಬಿಡಬೇಕು ಇಲ್ಲವೇ ಮತ್ತೆ ಯಾರದಾದರೂ ಬೆನ್ನು ಹತ್ತಬೇಕು.

ವಾರಿಜ ಒಬ್ಬ ಡ್ರೈವರನ್ನು ಕರೆದುಕೊಂಡು ಗ್ಯಾರೇಜಿಗೆ ಬಂದಳು. ‘ನನ್ ಎಡ್ಗಾಲ್ ಗಟ್ಟಿ ಇತ್ತ್, ಕ್ಲಚ್ ಒತ್ತುಕ್ ಸಾಕ್. ಬ್ರೇಕು, ಎಕ್ಸಲೇಟರ್ ಎರಡನ್ನೂ ಕೈಗ್ ತಂದ್‌ಕೊಡಿ’ ಎಂದಳು.

ಮೇಸ್ತ್ರಿಗಳು ಒಪ್ಪಲಿಲ್ಲ. ‘ಆಪ್ದಲ್ಲ ಹೋಪ್ದಲ್ಲ ಮಗಾ. ಆ ಗುಡ್ಡದಲ್ಲ್ ಎಂತಾರೂ ಆದ್ರೆ ನಾವ್ ನಿನ್ನ್ ಅಪ್ಪಯ್ಯಂಗ್ ಮುಖ ಹ್ಯಾಂಗ್ ತೋರ್ಸುದ್?’

ನಾನು, ‘ಮಾಡ್ತೆ’ ಎಂದೆ. ಮೇಸ್ತ್ರಿಗಳ ಮಾತಿಗೆ ಎದುರು ಹೇಳಿದ್ದು ಅದೇ ಮೊದಲು. ಅವಳನ್ನು ಹೈವೇವರೆಗೆ ಜಾರಿಸಿದವನು ನಾನು. ಬೇಡ ಎನ್ನಲು ನನಗೆ ಬಾಯಿ ಎಲ್ಲಿತ್ತು?

ಸ್ಟೇರಿಂಗಿನ ಬಲಗಡೆ ಒಂದು ಹಿಡಿ. ಮುಂದಕ್ಕೆ ದೂಡಿದರೆ ಬ್ರೇಕು, ತನ್ನ ಕಡೆಗೆ ಎಳೆದರೆ ಎಕ್ಸಲೇಟರ್. ಅದನ್ನು ಮಾಡಿದೆ. ಆದರೆ ಏರಿನಲ್ಲಿ ಗಾಡಿ ನಿಲ್ಲಿಸಿ ಹೊರಡುವುದು ಹೇಗೆ? ಬ್ರೇಕು ಬಿಟ್ಟು ಎಕ್ಸಲೇಟರ್ ಎಳೆಯಬೇಕಾದದ್ದು ಅದೇ ಕೈ. ಎಡಗೈ ಹ್ಯಾಂಡ್ ಬ್ರೇಕಿಗೆ ಹೋದರೆ ಹೊರಡುವಾಗ ಸ್ಟೇರಿಂಗ್ ಹಿಡಿಯಲು ಕೈಯಿಲ್ಲ. ಆ ಒಂದು ಕ್ಷಣದಲ್ಲಿ ಗಾಡಿ ಹಿಂದಕ್ಕೆ ಹೋಗುತ್ತದೆ. ವಾರಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಗಾಡಿಯ ಜೊತೆ ಬಂದಿದ್ದ ಪುಸ್ತಕವನ್ನು ವಾರಿಜನ ಕೈಗೆ ಕೊಟ್ಟು ಓದಿಸಿದೆ. ಅವಳು ಪುಟ ತಿರುವುತ್ತಾ ಒಂದು ಕಡೆ ನಿಂತಳು. ‘ಇಲ್ಲ್ ಕಾಣಿ. ಏರಲ್ಲ್ ಕ್ಲಚ್ ಒತ್ತಿ ಹಿಡ್ದಷ್ಟ್ ಹೊತ್ತ್ ಬ್ರೇಕ್ ತನ್ನಷ್ಟಕ್ಕೇ ನಿಲ್ತಂಬ್ರ್. ನಮ್ ಗಾಡಿಲ್ ಅದ್ ಇತ್ತಾ?’

ಇತ್ತು. ಐದು ವರ್ಷದಿಂದ ನನ್ನ ಹಳೆ ಸಾಮಾನಿನ ಪೆಟ್ಟಿಗೆಯಲ್ಲಿತ್ತು.

ಮೇಸ್ತ್ರಿಗಳ ಎದುರೇ ಅವಳಿಗೆ ಎಲ್ಲ ಹೇಳಿದೆ. ಅವಳು ಪುಸ್ತಕ ಮುಚ್ಚಿ, ‘ತೆಗ್ದಿಟ್ಕಂಡಿದ್ರಿಯಲ್ದಾ, ಸಾಕ್’ ಎಂದಳು. ಡಬ್ಬಿಯನ್ನು ಬಿಚ್ಚಿದೆ. ಒಳಗೆ ಒಂದು ಉಕ್ಕಿನ ಗುಂಡು. ಬೇರೆ ದೊಡ್ಡ ಯಂತ್ರವೇನೂ ಇಲ್ಲ. ಗಾಡಿ ಮೂತಿ ಮೇಲೆ ಮಾಡಿ ನಿಂತರೆ ಗುಂಡು ತಾನಾಗಿ ಹಿಂದಕ್ಕೆ ಉರುಳಿ ಬ್ರೇಕ್ ಆಯಿಲ್ ವಾಪಸ್ಸು ಹೋಗುವ ದಾರಿಗೆ ಅಡ್ಡ ಕೂರುತ್ತದೆ. ಕ್ಲಚ್ ಬಿಟ್ಟಾಗ ಕೇಬಲ್ ಬಂದು ಅದನ್ನು ಸರಿಸುತ್ತದೆ. ಸಮತಟ್ಟಿನಲ್ಲಿ ಗುಂಡು ಬಿಡಿಯಾಗಿರುತ್ತದೆ, ಬ್ರೇಕಿಗೆ ಅದರ ಗೊಡವೆಯೇ ಇಲ್ಲ. ನಾನು ಹಿಂದೆ ಕಂಡ ತೊಂದರೆ ಕೇಬಲ್ ಬಿಗಿತ ಹೆಚ್ಚುಕಮ್ಮಿಯಾದದ್ದು, ಒಂದು ನಟ್ಟು ತಿರುಗಿಸಿದ್ದರೆ ಮುಗಿಯುತ್ತಿತ್ತು. ತುಕ್ಕು ಬಿಡಿಸಿ, ರಬ್ಬರು ಬದಲಿಸಿ, ಅಂಗೈಯಲ್ಲಿಟ್ಟು ಓರೆ ಮಾಡಿದೆ. ಗುಂಡು ಉರುಳಿ ಟಕ್ ಎಂದಿತು. ಕರೆಂಟಿಲ್ಲ, ವಯರಿಲ್ಲ, ಭೂಮಿಯ ಸೆಳೆತವೊಂದನ್ನೇ ನಂಬಿ ಯಾರೋ ಎಲ್ಲೋ ಕುಳಿತು ಇದನ್ನು ಯೋಚಿಸಿದ್ದರು. ನನಗೆ ಕಣ್ಣು ತುಂಬಿ ಬಂತು. ಕೆಲಸಕ್ಕೆ ಸೇರಿ ಅಷ್ಟು ವರ್ಷವಾದ ಮೇಲೆ ನಾನು ಮೆಕ್ಯಾನಿಕ್ ಆದದ್ದು ಆ ದಿನ ಎಂದು ನನ್ನ ಭಾವನೆ.

ಎಲ್ಲ ಜೋಡಿಸಿದ ಮೇಲೆ ಮೇಸ್ತ್ರಿಗಳು ಬಂದರು. ಡ್ರೈವರ್ ಸೀಟಿನಲ್ಲಿ ಕುಳಿತು, ಹೆಗಲ ಮೇಲಿನ ಬೈರಾಸಿನಿಂದ ತಮ್ಮ ಬಲಗಾಲನ್ನು ಸೀಟಿನ ಕಬ್ಬಿಣಕ್ಕೆ ಕಟ್ಟಿಕೊಂಡು, ಸೇತುವೆಯವರೆಗೆ ಹೋಗಿ ಬಂದರು. ಇಳಿದು, ‘ಬ್ರೇಕಿನ್ ರಾಡಿಗ್ ಬರೀ ವೆಲ್ಡಿಂಗ್ ಸಾಕಾತಿಲ್ಲೆ. ಬೋಲ್ಟೂ ಹಾಕ್’ ಎಂದರು. ಅವರ ಒಪ್ಪಿಗೆ ಅಂದರೆ ಅಷ್ಟೇ.

ಲೈಸೆನ್ಸ್ ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರು ಬಯಲುಸೀಮೆಯವರು. ಡಾಕ್ಟರ ಸರ್ಟಿಫಿಕೇಟು, ಗಾಡಿಯ ಬದಲಾವಣೆಯ ಕಾಗದ ಎಲ್ಲ ನೋಡಿದರೂ ನಂಬಿಕೆ ಬರಲಿಲ್ಲ. ‘ಏನ್ರೀ ಇದು, ಏರಿನ್ಯಾಗ ನಿಂದ್ರಸಿ ತೋರಸ್ರಿ ನೋಡೂಣು’ ಎಂದು ಒಂದು ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರದ ಬೆನ್ನಿಗೆ ತಾಗಿಸಿ ತಮ್ಮ ಬೆಂಕಿಪೊಟ್ಟಣ ಇಟ್ಟರು. ವಾರಿಜ ಕ್ಲಚ್ ಒತ್ತಿ ಹಿಡಿದು, ಬ್ರೇಕಿನ ಹಿಡಿ ಬಿಟ್ಟು, ಎರಡೂ ಕೈ ಮೇಲೆತ್ತಿ ತೋರಿಸಿದಳು. ಆಮೇಲೆ ನಿಧಾನವಾಗಿ ಎಕ್ಸಲೇಟರ್ ಎಳೆದು ಮುಂದೆ ಹೋದಳು. ಇನ್ಸ್‌ಪೆಕ್ಟರು ಬಗ್ಗಿ ಪೊಟ್ಟಣ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಮೂಲೆಯೂ ನುಗ್ಗಾಗಿರಲಿಲ್ಲ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳು ಆ ಗಾಡಿಯನ್ನು ಹತ್ತು ವರ್ಷದ ಹತ್ತಿರ ಓಡಿಸಿದಳು. ಬ್ರಹ್ಮಾವರದಲ್ಲಿ ತರಬೇತಿ ಇದ್ದಾಗ ದಿನವೂ ಅಲ್ಲಿಗೇ ಹೋಗಿ ಬಂದಳು. ಬಿಡಿಭಾಗ ಸಿಗದೆ ನಾನು ಲೇತಿನಲ್ಲಿ ಕಡೆಸಿ ಹಾಕಿದ್ದು ಎಷ್ಟೋ. ಕಡೆಗೆ ಗೆದ್ದದ್ದು ಕಡಲಿನ ಉಪ್ಪು ಗಾಳಿ, ಗಾಡಿಯ ನೆಲವೇ ತೂತಾಯಿತು. ಅಷ್ಟರಲ್ಲಿ ಗುಡ್ಡದ ದಾರಿಗೆ ಕಾಂಕ್ರೀಟು ಬಂದಿತ್ತು. ಕ್ಲಚ್ಚೇ ಇಲ್ಲದ ಹೊಸ ಕಾರು ತೆಗೆದುಕೊಂಡಳು. ಈಗಿನ ಗಾಡಿಗಳಿಗೆ ಲ್ಯಾಪ್‌ಟಾಪ್ ಚುಚ್ಚಿದರೆ ತಪ್ಪು ಎಲ್ಲಿದೆಯೆಂದು ತೆರೆಯ ಮೇಲೆ ಬರುತ್ತದೆ. ಅದೂ ಸಣ್ಣ ವಿದ್ಯೆಯಲ್ಲ, ಕಲಿಯಿರಿ. ಆದರೆ ಗೊತ್ತಿಲ್ಲದ ಭಾಗವನ್ನು ಬೇಡದ ಭಾಗ ಎಂದು ತಿಳಿಯಬೇಡಿ. ನನ್ನ ಇಷ್ಟು ವರ್ಷದ ಕೆಲಸದಿಂದ ಕೊಡಬಹುದಾದ ಬುದ್ಧಿಮಾತು ಇದೊಂದೇ.

ಒಂದು ದಿನದ ಸಂಗತಿ ಮಾತ್ರ ಬಾಕಿ ಇದೆ.

ಅವಳಿಗೆ ಲೈಸೆನ್ಸ್ ಸಿಕ್ಕಿದ ವರ್ಷದ ಮೊದಲ ಮಳೆ. ಶಾಲೆ ಶುರುವಾಗಿ ವಾರವಾಗಿತ್ತು. ಗುಡ್ಡದ ದಾರಿ ಕೆಂಪು ಅಂಬಲಿಯ ಹಾಗೆ ಆಗಿತ್ತು. ಸಂಜೆ ನಾಲ್ಕೂವರೆಗೆ ನಾನು ಗುಡ್ಡದ ಬುಡದಲ್ಲಿ ಕಾದು ನಿಂತಿದ್ದೆ. ಅವಳು ಬಂದು, ‘ಕೂಕಣಿ’ ಎಂದಳು. ನಾನು ಹತ್ತಲಿಲ್ಲ. ದೊಡ್ಡದೊಂದು ಮುರಕಲ್ಲು ಎತ್ತಿಕೊಂಡು, ಹಿಂದಿನಿಂದ ನಡೆದು ಬರುತ್ತೇನೆ ಎಂದೆ. ಜಾರಿದರೆ ಚಕ್ರಕ್ಕೆ ಕೊಡಲು.

ಅವಳು ಚಿಕ್ಕ ಲಿವರನ್ನು ಕೊನೆಯವರೆಗೆ ಎಳೆದಳು. ಗಾಡಿ ಹೊರಟಿತು. ನಾಲ್ಕೂ ಚಕ್ರದಲ್ಲಿ ಕೆಸರನ್ನು ಕಚ್ಚಿ ಕಚ್ಚಿ, ಅವಸರವೇ ಇಲ್ಲದೆ, ನಾನು ನಡೆಯುವ ವೇಗದಲ್ಲೇ ಮೇಲೆ ಹೋಯಿತು. ಎಲ್ಲಕ್ಕಿಂತ ಕಡಿದಾದ ತಿರುವಿಗೆ ಬಂದಾಗ ಮೇಲಿನಿಂದ ಒಂದು ಪಿಕಪ್ ಇಳಿದು ಬಂತು. ಎರಡಕ್ಕೆ ಜಾಗವಿಲ್ಲ. ವಾರಿಜ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆದಳು. ಬದಿಯಲ್ಲಿ ಎರಡಾಳು ಆಳದ ಕೊರಕಲು. ಪಿಕಪ್‌ನವನು ಕಿಟಕಿಯಿಂದ, ‘ಹ್ವಾಯ್, ಹಿಂದೆ ತಕಣಿ!’ ಎಂದು ಕೂಗಿದ.

‘ಹಿಂದೆ ಹೋಪುಕಾತಿಲ್ಲೆ. ನೀವೇ ತಕಣಿ’ ಎಂದಳು, ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ.

ಅವನು ಗೊಣಗುತ್ತಾ, ಚಕ್ರ ಸುತ್ತಿಸಿ ಕೆಸರು ಹಾರಿಸುತ್ತಾ, ಹೇಗೋ ಹಿಂದೆ ಹೋಗಿ ಬದಿ ಕೊಟ್ಟ. ಈಗ ಅವಳು ಹೊರಡಬೇಕು. ನಾನು ಕಲ್ಲು ಹಿಡಿದು ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕುಳಿತೆ. ಮಳೆ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ಹ್ಯಾಂಡ್ ಬ್ರೇಕ್ ಬಿಟ್ಟ ಶಬ್ದ ಕೇಳಿಸಿತು. ಡಬ್ಬಿಯ ಗುಂಡು ಹಿಡಿದಿತ್ತು, ಚಕ್ರ ಅಲುಗಲಿಲ್ಲ. ಒಂದು ಕೂದಲೆಳೆಯಷ್ಟೂ ಹಿಂದೆ ಬರಲಿಲ್ಲ. ಇಂಜಿನ್ನಿನ ಧ್ವನಿ ಸ್ವಲ್ಪ ಏರಿತು, ನಾಲ್ಕೂ ಚಕ್ರ ಒಟ್ಟಿಗೆ ಕೆಸರು ಹಿಡಿದವು, ಗಾಡಿ ನನ್ನೆದುರಿನಿಂದ ಮೇಲಕ್ಕೆ ಹೋಯಿತು. ನಾನು ಕುಳಿತಲ್ಲೇ ಕುಳಿತಿದ್ದೆ. ಪಿಕಪ್‌ನವನು ಅವಳ ಕೈಯಲ್ಲಿದ್ದ ಹಿಡಿಯನ್ನೂ ಪಕ್ಕದ ಸೀಟಿನಲ್ಲಿದ್ದ ಊರುಗೋಲನ್ನೂ ಕಂಡು ಬೀಡಿ ಬಾಯಿಂದ ತೆಗೆದ.

ನಾನು ಮೇಲೆ ತಲುಪುವಾಗ ಗಾಡಿ ಅಂಗಳದಲ್ಲಿತ್ತು, ಇಂಜಿನ್ ಇನ್ನೂ ಓಡುತ್ತಿತ್ತು. ಸಂಜೀವಣ್ಣ ಜಗಲಿಯಿಂದ ಇಳಿದು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ಅವರಿಗೆ ನಾನು ಕಾಣಿಸಲಿಲ್ಲ, ಹೆಜ್ಜೆ ಸಪ್ಪಳ ಕೇಳಿ, ‘ಗಣ್ಪತಿ, ನೀನಾ? ಮತ್ತೆ ಗಾಡಿಲ್ ಯಾರಿದ್ರ್?’ ಎಂದರು.

‘ವಾರಿಜ ಒಬ್ಳೇ, ಸಂಜೀವಣ್ಣ.’

ಅವರು ಬಾನೆಟ್ಟನ್ನು ತಡವುತ್ತಾ ಡ್ರೈವರ್ ಕಡೆಯ ಕಿಟಕಿಗೆ ಬಂದರು. ವಾರಿಜ ಗಾಜು ಇಳಿಸಿದಳು. ಮುಖ ಕೆಂಪಗಾಗಿತ್ತು, ಕಣ್ಣು ಹೊಳೆಯುತ್ತಿತ್ತು.

‘ಅಪ್ಪಯ್ಯ, ಸ್ವಲ್ಪ ಬದಿಗ್ ಬನ್ನಿ. ಗಣ್ಪತಣ್ಣ, ನೀವ್ ಜಗ್ಲಿ ಮೇಲ್ ಕೂಕಣಿ, ಹಿಂದಿಂದ್ ಬಪ್ಪುದ್ ಬೇಡ. ನಾ ಇನ್ನೊಂದ್ ಸಲ ಇಳ್ದ್ ಹತ್ತಿ ಬತ್ತೆ.’

ಅಂಗಳದಲ್ಲಿ ಗಾಡಿ ತಿರುಗಿಸಿ ಹೋಗಿಯೇಬಿಟ್ಟಳು. ನಾವಿಬ್ಬರೂ ಜಗಲಿಯಲ್ಲಿ ಕುಳಿತು ಕೇಳಿದೆವು. ಗುಬುಗುಬು ಶಬ್ದ ತಿರುವು ತಿರುವಾಗಿ ಇಳಿದು, ಮಳೆಯಲ್ಲಿ ಸಣ್ಣದಾಗಿ, ಬುಡದಲ್ಲಿ ಒಂದು ಗಳಿಗೆ ಇಲ್ಲವೇ ಆಯಿತು. ಸಂಜೀವಣ್ಣ ನನ್ನ ಕೈ ಹಿಡಿದುಕೊಂಡರು. ಆಮೇಲೆ ಅದು ಮತ್ತೆ ಹತ್ತತೊಡಗಿತು.